ಗಜನಿ ಒಡ್ಡಿನ ಎತ್ತರ: ಅಘನಾಶಿನಿ ಹಿನ್ನೀರಿನಲ್ಲಿ ಎರಡು ಬಾರಿ ಮಾಡಬೇಕಾಗಿ ಬಂದ ಡ್ರೋನ್ ಸಮೀಕ್ಷೆಯ ಪ್ರಕರಣ

ನಾವು ಕೊಟ್ಟ ನಕ್ಷೆ ತಪ್ಪೆಂದು ಮೊದಲು ಹೇಳಿದವರು ಕಗ್ಗ ಭತ್ತ ಬೆಳೆಯುವ ಒಬ್ಬ ಹಿರಿಯ ರೈತರು. ಕುಮಟಾ ತಾಲೂಕಿನ ಒಂದು ಗಜನಿಯ (ಹಿನ್ನೀರಿನ ಅಂಚಿನ ತಗ್ಗು ಗದ್ದೆಯ) ಸುತ್ತಲಿನ ಒಡ್ಡು ಎಲ್ಲೆಲ್ಲಿ ತಗ್ಗಾಗಿದೆ ಎಂದು ತೋರಿಸುವ ಬಣ್ಣದ ಹಾಳೆಯನ್ನು ಅವರ ಮನೆಯ ಜಗಲಿಯ ಮೇಲೆ ಹಾಸಿದ್ದೆವು. ಪಡುವಣ ಒಡ್ಡಿನ ಸುಮಾರು 700 ಮೀಟರ್ ಉದ್ದಕ್ಕೂ ಕೆಂಪು ಬಣ್ಣವಿತ್ತು. ಅಂದರೆ ದೊಡ್ಡ ಭರತದ (ಕಡಲಿನ ಉಬ್ಬರದ) ದಿನ ಉಪ್ಪುನೀರು ಒಡ್ಡನ್ನು ಹತ್ತಿ ಒಳಗೆ ಸುರಿಯುವಷ್ಟು ತಗ್ಗು. ಅವರು ಹಾಳೆಯನ್ನು ಹೊಳೆಯ ದಿಕ್ಕಿಗೆ ಸರಿಯಾಗಿ ತಿರುಗಿಸಿಕೊಂಡು ನೋಡಿ, "ಈ ಬದಿಗೆ ನೀರು ಹತ್ತಿದ್ದನ್ನು ನನ್ನ ಕಾಲದಲ್ಲಿ ಕಂಡಿಲ್ಲ. ಹತ್ತುವುದಿದ್ದರೆ ತೂಬಿನ ಹತ್ತಿರ" ಎಂದರು. ತೂಬಿನ ಹತ್ತಿರ ನಮ್ಮ ನಕ್ಷೆ ಹಸಿರಾಗಿತ್ತು.

ಅಂದು ನಮ್ಮ ಕೈಯಲ್ಲಿ ಒಂದು ವರದಿಯೂ ಇತ್ತು. ತಂತ್ರಾಂಶವೇ ತಯಾರಿಸಿದ ಆ ವರದಿಯ ಪ್ರಕಾರ ನಿಯಂತ್ರಣ ಬಿಂದುಗಳಲ್ಲಿ, ಅಂದರೆ ನೆಲದ ಮೇಲೆ ಅಳೆದು ಗುರುತಿಟ್ಟು ನಕ್ಷೆಯನ್ನು ಕಟ್ಟಿ ನಿಲ್ಲಿಸುವ ಜಾಗಗಳಲ್ಲಿ, ಉಳಿದ ದೋಷ ಕೇವಲ 2 ಸೆಂ.ಮೀ. ಒಂದು ಕಡೆ ಮುದ್ರಿತ ಅಂಕಿ, ಇನ್ನೊಂದು ಕಡೆ ಆಯುಷ್ಯವಿಡೀ ಅದೇ ಒಡ್ಡಿನ ಮೇಲೆ ನಡೆದವರ ಮಾತು. ಎರಡು ದಿನಗಳ ನಂತರ ಮಟ್ಟ ನೋಡುವ ಆಟೋ ಲೆವೆಲ್ ಯಂತ್ರ ಮತ್ತು ಅಳತೆಗೋಲು (ಸ್ಟಾಫ್) ಹೊತ್ತು ಪಡುವಣ ಒಡ್ಡಿನ ಮೇಲೆ ನಡೆದು ಅಳೆದಾಗ ಅವರ ಮಾತೇ ಸರಿಯಾಯಿತು: ನಮ್ಮ ನಕ್ಷೆ ಆ ತುದಿಯಲ್ಲಿ ಒಡ್ಡನ್ನು 38 ಸೆಂ.ಮೀ. ತಗ್ಗಿಸಿ ತೋರಿಸಿತ್ತು. ಅದನ್ನು ನಂಬಿದ್ದರೆ ಊರಿನವರು ಎತ್ತರಿಸುವ ಅಗತ್ಯವೇ ಇಲ್ಲದ 700 ಮೀಟರ್ ಒಡ್ಡಿಗೆ ಮಣ್ಣು ಹೊರುತ್ತಿದ್ದರು. ಆ ತಪ್ಪು ಎಲ್ಲಿ ಹುಟ್ಟಿತು, ಎರಡನೆಯ ಬಾರಿ ಅದನ್ನು ಹೇಗೆ ತಡೆದೆವು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಸ್ಥಳ ಮತ್ತು ಕೆಲಸ

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಎಲ್ಲಿಯೂ ಅಣೆಕಟ್ಟಿಗೆ ಸಿಗದೆ ಘಟ್ಟ ಇಳಿದು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಕಡಲು ಸೇರುತ್ತದೆ. ಅದರ ಅಳಿವೆಯ 4801 ಹೆಕ್ಟೇರ್ ಪ್ರದೇಶ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಬಳಚು (ಚಿಪ್ಪುಮೀನು), ಕಾಂಡ್ಲ (ಮ್ಯಾಂಗ್ರೋವ್), ಸಿಗಡಿಗಳ ಜೊತೆಗೆ ಈ ಅಳಿವೆಯ ಗುರುತು ಗಜನಿ. ಒಡ್ಡು ಕಟ್ಟಿ ಉಪ್ಪುನೀರನ್ನು ಹೊರಗಿಟ್ಟ ಈ ತಗ್ಗು ಭೂಮಿಯಲ್ಲಿ ಮುಂಗಾರಿನ ಮಳೆ ಉಪ್ಪನ್ನು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಭತ್ತ ಅದು. ಕೊಯ್ಲಾದ ನಂತರ ತೂಬು ತೆರೆದು ಹೊಳೆಯ ನೀರು ಬಿಡುತ್ತಾರೆ, ಬೇಸಿಗೆಯವರೆಗೆ ಸಿಗಡಿ ಮತ್ತು ಮೀನಿನ ಕಾಲ. ಹೀಗೆ ಒಂದೇ ನೆಲ ವರ್ಷದಲ್ಲಿ ಗದ್ದೆಯೂ ಆಗುತ್ತದೆ, ಕೆರೆಯೂ ಆಗುತ್ತದೆ. ಡ್ರೋನ್ ಸಮೀಕ್ಷೆಗೆ ಇದು ಎಷ್ಟು ಮುಖ್ಯವೆಂದು ನಮಗೆ ಮೊದಲ ಸಲ ಹೊಳೆಯಲಿಲ್ಲ.

ಕೆಲಸದ ಗಜನಿ ಸುಮಾರು 60 ಹೆಕ್ಟೇರ್, ರೈತರ ಲೆಕ್ಕದಲ್ಲಿ ನೂರೈವತ್ತು ಎಕರೆ. ಮೂಡಣ ಅಂಚಿನಲ್ಲಿ ರಸ್ತೆ, ಉಳಿದ ಮೂರು ಕಡೆ ಒಡ್ಡು, ಒಡ್ಡಿನಾಚೆ ಹೊಳೆ ಮತ್ತು ಕೋಡಿ. ರೈತರಿಗೆ ಬೇಕಾದದ್ದು ಎರಡೇ: ಒಡ್ಡಿನ ನೆತ್ತಿಯ ಮಟ್ಟ ಉದ್ದಕ್ಕೂ ಎಷ್ಟೆಷ್ಟಿದೆ, ಮತ್ತು ಒಳಗಿನ ಮಳೆನೀರು ತೂಬಿನ ಕಡೆಗೆ ಹರಿಯದೆ ಎಲ್ಲಿ ನಿಲ್ಲುತ್ತದೆ. ಎರಡೂ ಎತ್ತರದ ಪ್ರಶ್ನೆಗಳು. ಚಿತ್ರ ಚೆಂದ ಕಾಣಿಸಿದರೆ ಸಾಲದು, 10 ಸೆಂ.ಮೀ. ವ್ಯತ್ಯಾಸವೂ ಗೊತ್ತಾಗಬೇಕಿತ್ತು.

ಮೊದಲ ಹಾರಾಟ

ಫೆಬ್ರುವರಿಯಲ್ಲಿ ಹಾರಿಸಿದೆವು. ಗಜನಿಯ ತುಂಬ ನೀರು, ನೀರಿನ ತುಂಬ ಸಿಗಡಿ. ಒಡ್ಡು ಎರಡು ನೀರಿನ ನಡುವೆ ಹಾಸಿದ ಒಂದು ಪಟ್ಟಿಯಂತೆ ಕಾಣುತ್ತಿತ್ತು. ಡ್ರೋನಿನಲ್ಲಿ ಒಂದು ಅಂಗುಲದ ಸಂವೇದಕವಿರುವ 20 ಮೆಗಾಪಿಕ್ಸೆಲ್ ಕ್ಯಾಮೆರಾ, 8.8 ಮಿ.ಮೀ. ಮಸೂರ, ಯಾಂತ್ರಿಕ ಶಟರ್. 110 ಮೀಟರ್ ಎತ್ತರದಿಂದ ಒಂದು ಪಿಕ್ಸೆಲ್ ನೆಲದ ಮೇಲೆ 3 ಸೆಂ.ಮೀ. ಆಗುತ್ತದೆ, ಒಂದು ಫೋಟೊ 165 ಮೀಟರ್‌ಗೆ 110 ಮೀಟರ್ ಜಾಗವನ್ನು ಹಿಡಿಯುತ್ತದೆ. ಮುಂದಕ್ಕೆ ಶೇ. 75, ಬದಿಗೆ ಶೇ. 60 ಓವರ್‌ಲ್ಯಾಪ್ (ಪಕ್ಕದ ಫೋಟೊದೊಂದಿಗೆ ಹಂಚಿಕೊಳ್ಳುವ ಭಾಗ) ಇಟ್ಟು ಮುನ್ನೂರ ಮೂವತ್ತರಷ್ಟು ಫೋಟೊಗಳಲ್ಲಿ ಕೆಲಸ ಮುಗಿಸಿದೆವು. ಗದ್ದೆ ಬಯಲಿಗೆ ಇಷ್ಟು ಸಾಕಾಗುವುದುಂಟು.

ಕ್ಯಾಮೆರಾ ನೇರ ಕೆಳಗೆ ನೋಡುತ್ತಿತ್ತು, ಸಾಲುಗಳೆಲ್ಲ ಒಂದೇ ದಿಕ್ಕಿನಲ್ಲಿದ್ದವು. ನಿಯಂತ್ರಣ ಬಿಂದುಗಳು ಐದು, ಐದೂ ರಸ್ತೆಯ ಬದಿಯಲ್ಲಿ. ಪಡುವಣ ಒಡ್ಡಿಗೆ ಹೋಗಲು ದೋಣಿ ಬೇಕಿತ್ತು, ದೋಣಿಯವರು ಅಂದು ಸಿಗಲಿಲ್ಲ, ನಾವು ಕಾಯಲೂ ಇಲ್ಲ. ಡ್ರೋನ್ ತನ್ನ ಸ್ಥಾನವನ್ನು ಹಾರುವಾಗಲೇ ಸೆಂಟಿಮೀಟರ್ ಮಟ್ಟಕ್ಕೆ ತಿದ್ದಿಕೊಳ್ಳುವ ಆರ್‌ಟಿಕೆ ತಿದ್ದುಪಡಿಯನ್ನು ಮೊಬೈಲ್ ಜಾಲದ ಮೂಲಕ ಪಡೆಯುತ್ತಿತ್ತು, ಅದರಿಂದಾಗಿ ಬಿಂದುಗಳು ಕಡಿಮೆಯಾದರೂ ನಡೆಯುತ್ತದೆ ಎಂಬ ಧೈರ್ಯ ನಮಗೆ. ಅರ್ಧ ಗಜನಿ ಬೆಳಗ್ಗೆ ಮುಗಿಯಿತು, ಉಳಿದರ್ಧ ಊಟದ ನಂತರ.

ತಪ್ಪು ಎಲ್ಲಿತ್ತು

ಕಚ್ಚಾ ಫೋಟೊಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಮೊದಲು ಸಿಕ್ಕಿದ್ದು ಸ್ಥಾನದ ದಾಖಲೆ. ಹೊಳೆಯ ಕಡೆಗೆ ಹೋದಂತೆ ಮೊಬೈಲ್ ಸಿಗ್ನಲ್ ಕೈಕೊಟ್ಟಿತ್ತು. ಪಡುವಣ ಭಾಗದ ಬಹುಪಾಲು ಫೋಟೊಗಳಿಗೆ ಸೆಂಟಿಮೀಟರ್ ಮಟ್ಟದ ಸ್ಥಾನವೇ ಸಿಕ್ಕಿರಲಿಲ್ಲ, ಸಾಮಾನ್ಯ ಜಿಪಿಎಸ್‌ನ ಮೀಟರ್ ಮಟ್ಟದ ಅಂದಾಜು ಮಾತ್ರ ಇತ್ತು. ಸಂಸ್ಕರಿಸುವಾಗ ನಾವು ಎಲ್ಲ ಫೋಟೊಗಳಿಗೂ ಒಂದೇ ನಿಖರತೆ ನಮೂದಿಸಿದ್ದರಿಂದ, ತಂತ್ರಾಂಶ ಒಳ್ಳೆಯ ಸ್ಥಾನಕ್ಕೂ ಕೆಟ್ಟ ಸ್ಥಾನಕ್ಕೂ ಸಮನಾದ ತೂಕ ಕೊಟ್ಟಿತ್ತು. ಅಂದರೆ ಎಲ್ಲಿ ಆಧಾರ ಬೇಕಿತ್ತೋ ಅಲ್ಲಿ ನೆಲದ ಬಿಂದುವೂ ಇರಲಿಲ್ಲ, ಆಕಾಶದ ಸ್ಥಾನವೂ ಇರಲಿಲ್ಲ.

ಎರಡನೆಯದು ನೀರು. ಫೋಟೊಗಳನ್ನು ಹೊಂದಿಸುವ ವಿಧಾನ ನಿಂತಿರುವುದೇ ಒಂದು ಫೋಟೊದಲ್ಲಿ ಕಂಡ ಗುರುತು ಪಕ್ಕದ ಫೋಟೊದಲ್ಲೂ ಅದೇ ಜಾಗದಲ್ಲಿ ಇರುತ್ತದೆ ಎಂಬ ನಂಬಿಕೆಯ ಮೇಲೆ. ನೀರಿನ ಮೇಲಿನ ತೆರೆ, ನೊರೆ, ಬಿಸಿಲಿನ ಮಿಂಚು ಯಾವುದೂ ಎರಡು ಸೆಕೆಂಡು ಒಂದೆಡೆ ನಿಲ್ಲುವುದಿಲ್ಲ. ಬೆಳಗಿನ ಮತ್ತು ಮಧ್ಯಾಹ್ನದ ಹಾರಾಟದ ನಡುವೆ ಹೊಳೆಯ ನೀರಂಚೇ ಹಲವು ಮೀಟರ್ ಸರಿದಿತ್ತು. ನಿಜವಾದ ಗುರುತುಗಳು ಒಡ್ಡಿನ ಆ ಸಪೂರ ಪಟ್ಟಿಯಲ್ಲಿ ಮಾತ್ರ ಸಿಕ್ಕಿದ್ದವು, ನೀರಂಚಿನ ಸುಳ್ಳು ಗುರುತುಗಳು ಅವುಗಳ ಜೊತೆ ಬೆರೆತಿದ್ದವು.

ಮೂರನೆಯದನ್ನು ಅರ್ಥ ಮಾಡಿಕೊಳ್ಳಲು ನಮಗೆ ಹೆಚ್ಚು ಸಮಯ ಹಿಡಿಯಿತು. ಮಸೂರದ ನಾಭಿದೂರ ಮತ್ತು ಅಂಚಿನ ಬಾಗುವಿಕೆಯನ್ನು ತಂತ್ರಾಂಶ ಆ ಫೋಟೊಗಳಿಂದಲೇ ಲೆಕ್ಕ ಹಾಕುತ್ತದೆ. ಗುಡ್ಡ, ಮನೆ, ಮರಗಳಿಂದ ಏರುತಗ್ಗು ಇರುವಲ್ಲಿ ಆ ಲೆಕ್ಕ ನೆಟ್ಟಗೆ ಬರುತ್ತದೆ. ಗಜನಿಯಂಥ ತಟ್ಟೆಯಾದ ನೆಲದ ಮೇಲೆ ಒಂದೇ ಎತ್ತರದಿಂದ, ನೇರ ಕೆಳಗೆ ನೋಡುತ್ತಾ, ಸಮಾನಾಂತರ ಸಾಲುಗಳಲ್ಲಿ ತೆಗೆದ ಫೋಟೊಗಳಲ್ಲಿ ನಾಭಿದೂರ ಸ್ವಲ್ಪ ಹೆಚ್ಚಾಯಿತೋ ಹಾರಾಟದ ಎತ್ತರ ಸ್ವಲ್ಪ ಹೆಚ್ಚಾಯಿತೋ ಎಂದು ಬೇರ್ಪಡಿಸಿ ಹೇಳುವುದು ಗಣಿತಕ್ಕೇ ಕಷ್ಟ. ಮಸೂರದ ಬಾಗುವಿಕೆಯ ಅಂದಾಜಿನಲ್ಲಿ ಉಳಿದ ಸಣ್ಣ ತಪ್ಪು ಇಡೀ ನೆಲವನ್ನು ಕವುಚಿದ ಬೋಗುಣಿಯಂತೆ ಬಗ್ಗಿಸಿಬಿಡುತ್ತದೆ. ರಸ್ತೆಯ ಬದಿಯ ಐದು ಬಿಂದುಗಳು ಆ ಅಂಚನ್ನು ಹಿಡಿದು ಕೂತಿದ್ದವು. ಎದುರಿನ ಅಂಚನ್ನು ಹಿಡಿಯುವವರಿಲ್ಲದೆ ಅದು 38 ಸೆಂ.ಮೀ. ಕೆಳಗೆ ಇಳಿಯಿತು.

ವರದಿಯ 2 ಸೆಂ.ಮೀ. ಅಂಕಿ ಸುಳ್ಳಾಗಿರಲಿಲ್ಲ. ಆ ಐದು ಬಿಂದುಗಳಲ್ಲಿ ದೋಷ ನಿಜಕ್ಕೂ ಅಷ್ಟೇ ಇತ್ತು. ಆದರೆ ಮಾದರಿಯನ್ನು ಯಾವ ಬಿಂದುಗಳಿಗೆ ಕಟ್ಟಿ ನಿಲ್ಲಿಸಿದ್ದೇವೋ ಅವೇ ಬಿಂದುಗಳಲ್ಲಿ ಅದನ್ನು ಪರೀಕ್ಷಿಸುವುದೆಂದರೆ ಬಾಯಿಪಾಠ ಮಾಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೇಳಿದಂತೆ. ತಪಾಸಣೆಗೆಂದೇ ಬೇರೆ ಬಿಂದುಗಳನ್ನು ಇಡದೆ ಕೊಟ್ಟ ನಿಖರತೆಯ ಅಂಕಿಯನ್ನು ನಾನೀಗ ಯಾರ ವರದಿಯಲ್ಲಿ ಕಂಡರೂ ನಂಬುವುದಿಲ್ಲ, ನಮ್ಮದರಲ್ಲಂತೂ ಮೊದಲೇ ಇಲ್ಲ.

ಹಳೆಯ ಫೋಟೊಗಳನ್ನೇ ಬೇರೆ ಬೇರೆ ರೀತಿಯಲ್ಲಿ ಸಂಸ್ಕರಿಸಿ ಸರಿಪಡಿಸಬಹುದೇ ಎಂದು ಒಂದು ವಾರ ಪ್ರಯತ್ನಿಸಿದೆವು. ನೀರನ್ನು ಮರೆಮಾಚಿ, ಕೆಟ್ಟ ಸ್ಥಾನಗಳ ತೂಕ ಇಳಿಸಿ, ಸುಳ್ಳು ಗುರುತುಗಳನ್ನು ಸೋಸಿ ತೆಗೆದ ಮೇಲೆ 38 ಸೆಂ.ಮೀ. ದೋಷ 21ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಬರಲಿಲ್ಲ.

ದಿನ ನೋಡಿ ಹಾರಿಸಿದ್ದು

ಎರಡನೆಯ ಹಾರಾಟಕ್ಕೆ ಗಜನಿ ಒಣಗಿರಬೇಕು, ಕಗ್ಗ ಬಿತ್ತಿರಬಾರದು. ಅಂಥ ಕಾಲ ಸಿಗುವುದು ಏಪ್ರಿಲ್ ಕೊನೆಯಿಂದ ಮೇ ತಿಂಗಳ ನಡುವೆ. ಸಿಗಡಿಯ ಗುತ್ತಿಗೆ ಹಿಡಿದವರು ಒಪ್ಪಿದ ಮೇಲೆ ರೈತರು ತೂಬು ತೆರೆದು ನೀರು ಖಾಲಿ ಮಾಡಿಕೊಟ್ಟರು. ಬಿರುಕು ಬಿಟ್ಟ ಕೆಸರಿಗಿಂತ ಒಳ್ಳೆಯ ಗುರುತು ಫೋಟೊ ಹೊಂದಿಸುವವರಿಗೆ ಬೇರೆ ಬೇಕಿಲ್ಲ. ಫೆಬ್ರುವರಿಯಲ್ಲಿ ಖಾಲಿಯಾಗಿ ಉಳಿದಿದ್ದ ಜಾಗದಲ್ಲೆಲ್ಲ ಈಗ ಸಾವಿರಾರು ಗುರುತುಗಳು ಸಿಕ್ಕವು.

ದಿನ ಯಾವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಒಡ್ಡಿನ ಹೊರಬದಿಯ ಬುಡ ಕೊರೆದಿದೆಯೇ ಎಂದೂ ನೋಡಬೇಕಿದ್ದರಿಂದ ಹೊಳೆ ಪೂರ್ತಿ ಇಳಿದಿರಬೇಕಿತ್ತು. ಅಮಾವಾಸ್ಯೆ, ಹುಣ್ಣಿಮೆಗಳ ಹಿಂದೆಮುಂದೆ ಇಳಿತ ಆಳವಾಗಿರುತ್ತದೆ ಎಂದು ಅಮಾವಾಸ್ಯೆಯನ್ನೇ ಗೊತ್ತು ಮಾಡಿದ್ದೆವು. ಕಾರವಾರದ ಭರತ-ಇಳಿತದ ಕೋಷ್ಟಕ ತೆರೆದರೆ ಆ ದಿನಗಳಲ್ಲಿ ಇಳಿತದ ತಳ ಬೀಳುವುದು ನಸುಕಿನ ಐದರ ಸುಮಾರಿಗೆ, ಇಲ್ಲವೇ ಸಂಜೆ ಐದರ ಸುಮಾರಿಗೆ. ನಸುಕಿನಲ್ಲಿ ಬೆಳಕಿಲ್ಲ, ಸಂಜೆ ಕಡಲಗಾಳಿ. ಭರತದ ಹೊತ್ತು ದಿನಕ್ಕೆ ಸರಾಸರಿ 50 ನಿಮಿಷ ಹಿಂದಕ್ಕೆ ಬೀಳುತ್ತದೆ; ಹೊಳೆಯೊಳಗೆ ಅದು ಕಡಲಿಗಿಂತ ಇನ್ನಷ್ಟು ತಡ. ಹಾಗಾಗಿ ತದಿಗೆಯೋ ಚೌತಿಯೋ ಆದರೆ ಬೆಳಗಿನ ಎಂಟರ ಹೊತ್ತಿಗೆ ನೀರು ತಳ ಕಾಣುತ್ತದೆ ಎಂದು ಲೆಕ್ಕ ಬಂತು. ಬಳಚು ಹೆಕ್ಕುವವರನ್ನು ಕೇಳಿದಾಗ ಕೋಷ್ಟಕ ತೆರೆಯದೆ, ತಿಥಿ ಎಣಿಸಿಯೇ ಅದೇ ದಿನ ಹೇಳಿದರು.

ಬೆಳಗಿನ ಹೊತ್ತಿಗೆ ಇನ್ನೊಂದು ಲಾಭವೂ ಇತ್ತು. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಕುಮಟೆಯ ನೆತ್ತಿಯ ಮೇಲೆಯೇ ಹಾಯುತ್ತಾನೆ. ನಮ್ಮ ಮಸೂರ ನಡುವಿನಿಂದ ಮೂಲೆಯವರೆಗೆ ಸುಮಾರು 42 ಡಿಗ್ರಿಯಷ್ಟು ನೋಡುವುದರಿಂದ, ಸೂರ್ಯ ಕ್ಷಿತಿಜದಿಂದ 48 ಡಿಗ್ರಿಗಿಂತ ಮೇಲೇರಿದರೆ ಶಾಂತ ನೀರಿನಲ್ಲಿ ಅವನ ಪ್ರತಿಬಿಂಬ ಫೋಟೊದ ಒಳಗೇ ಬೀಳಬಹುದು. ಆ ಗಡಿ ಅಲ್ಲಿ ದಾಟುವುದು ಒಂಬತ್ತೂವರೆ ಕಳೆದ ಮೇಲೆ. ಏಳೂಮುಕ್ಕಾಲರಿಂದ ಒಂಬತ್ತೂವರೆಯವರೆಗೆ ನೀರು ಇಳಿದಿರುತ್ತದೆ, ಮಿಂಚು ಕಾಡುವುದಿಲ್ಲ, ಗಾಳಿ ಏಳುವುದಿಲ್ಲ. ಕಾಂಡ್ಲದ ನೆರಳು ಉದ್ದವಾಗುತ್ತದೆ ಎಂಬುದೊಂದೇ ಕೊರತೆ, ಅದನ್ನು ಒಪ್ಪಿಕೊಂಡೆವು.

ಆ ಒಂದೂಮುಕ್ಕಾಲು ಗಂಟೆಗೆ ಹೊಂದುವಂತೆ ಹಾರಾಟದ ಲೆಕ್ಕ ಹಾಕಿದೆವು. ಎತ್ತರ 80 ಮೀಟರ್, ಪಿಕ್ಸೆಲ್ 2.2 ಸೆಂ.ಮೀ., ಮುಂದಕ್ಕೆ ಶೇ. 80 ಮತ್ತು ಬದಿಗೆ ಶೇ. 70 ಓವರ್‌ಲ್ಯಾಪ್. ಇದರಿಂದ 16 ಮೀಟರಿಗೊಂದು ಫೋಟೊ, 36 ಮೀಟರಿಗೊಂದು ಸಾಲು, ಒಟ್ಟು ಸಾವಿರದ ಐವತ್ತರಷ್ಟು ಫೋಟೊ. ವೇಗ ಸೆಕೆಂಡಿಗೆ 6 ಮೀಟರ್. ಶಟರನ್ನು 1/1000 ಸೆಕೆಂಡಿಗೆ ಕಟ್ಟಿಟ್ಟೆವು: ಅಷ್ಟರಲ್ಲಿ ಡ್ರೋನ್ ಸರಿಯುವುದು 6 ಮಿ.ಮೀ. ಮಾತ್ರ. ಕ್ಯಾಮೆರಾದ ಇಷ್ಟಕ್ಕೆ ಬಿಟ್ಟು ಅದು ಬೆಳಗಿನ ಬೆಳಕಿನಲ್ಲಿ 1/250ಕ್ಕೆ ಇಳಿದಿದ್ದರೆ 2.4 ಸೆಂ.ಮೀ., ಅಂದರೆ ಒಂದು ಪಿಕ್ಸೆಲ್‌ಗಿಂತ ಹೆಚ್ಚು ಕದಡುತ್ತಿತ್ತು. ನೇರ ನೋಟದ ಸಾಲುಗಳು ಮುಗಿದ ಮೇಲೆ ಒಡ್ಡಿನ ಉದ್ದಕ್ಕೂ ಕ್ಯಾಮೆರಾವನ್ನು ಓರೆ ಮಾಡಿ ಒಂದು ಸುತ್ತು, ಮೂಲ ಸಾಲುಗಳಿಗೆ ಅಡ್ಡವಾಗಿ ಬೇರೆ ಎತ್ತರದಲ್ಲಿ ನಾಲ್ಕು ಸಾಲು. ಬೋಗುಣಿಯ ಆಕಾರವನ್ನು ಮುರಿಯುವುದು ಈ ಓರೆ ಮತ್ತು ಅಡ್ಡ ಫೋಟೊಗಳೇ.

ಅದೇ ಬೆಳಗ್ಗೆ, ಗಜನಿಗೆ ಹೋಗುವ ಮುನ್ನ, ರಸ್ತೆಯಾಚೆಯ ಜಂಬಿಟ್ಟಿಗೆ ಗುಡ್ಡದ ಇಳಿಜಾರಿನ ಮೇಲೆ ಹದಿನೈದು ನಿಮಿಷ ಹಾರಿಸಿದೆವು. ಮನೆ, ತೆಂಗು, ಇಳಿಜಾರು ಎಲ್ಲ ಇರುವ ಆ ತುಣುಕಿನಿಂದ ಮಸೂರದ ಲೆಕ್ಕವನ್ನು ಗಟ್ಟಿ ಮಾಡಿಕೊಂಡು, ತಟ್ಟೆಯಾದ ಗಜನಿಯ ಮೇಲೆ ಅದನ್ನು ಬದಲಾಗದಂತೆ ಕಟ್ಟಿಟ್ಟೆವು. ನನ್ನ ಅಂದಾಜಿನಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗಕ್ಕೆ ಸಿಕ್ಕ ಸುಧಾರಣೆ ಇದು.

ಅನುಮತಿಯ ವಿಚಾರದಲ್ಲಿ ಹೇಳುವುದು ಕಡಿಮೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಮುಂಚಿತ ಅನುಮತಿ ಬೇಕಿಲ್ಲ. ಆದರೂ ಕಾರವಾರದಲ್ಲಿ ನೌಕಾನೆಲೆ, ಒಳನಾಡಿನಲ್ಲಿ ಕೈಗಾ ಅಣುಸ್ಥಾವರ ಇರುವ ಜಿಲ್ಲೆಯಲ್ಲಿ ಸರ್ಕಾರದ ಡಿಜಿಟಲ್ ಸ್ಕೈ ತಾಣದ ವಲಯ ನಕ್ಷೆಯನ್ನು ಪ್ರತಿ ಹಾರಾಟದ ದಿನವೂ ನೋಡಿಕೊಳ್ಳಬೇಕು.

ಚಿರೆಕಲ್ಲು

ನೆಲದ ಬಿಂದುಗಳ ವಿಷಯದಲ್ಲಿ ಒಂದು ಸಣ್ಣ ಸಂಗತಿ ನಮ್ಮ ಕಣ್ಣು ತೆರೆಸಿತು. ಹಾರಾಟಕ್ಕೆ ಎರಡು ದಿನ ಮುಂಚೆ ಒಳಗಿನ ಗದ್ದೆಯಲ್ಲಿ ಜಿಎನ್‌ಎಸ್‌ಎಸ್ ಗ್ರಾಹಕದ (ಉಪಗ್ರಹ ಸಂಕೇತದಿಂದ ಸ್ಥಾನ ಅಳೆಯುವ ಯಂತ್ರದ) ಕೋಲು ನೆಟ್ಟು ಅಳೆಯುತ್ತಿದ್ದೆವು. ಮೇಲೆ ಒಣಗಿದ ಹೆಪ್ಪಿನಂತೆ ಕಂಡ ಕೆಸರಿನೊಳಗೆ ಕೋಲಿನ ಚೂಪು ತುದಿ ಸದ್ದಿಲ್ಲದೆ ಇಳಿಯುತ್ತಿತ್ತು. ಮೂರು ನಿಮಿಷದ ಅಳತೆ ಮುಗಿದು ಕೋಲು ಕಿತ್ತಾಗ ತುದಿಗೆ ಬೆರಳಿನ ಎರಡು ಗೆಣ್ಣಿನಷ್ಟು ಬೂದು ಕೆಸರು ಮೆತ್ತಿತ್ತು. ಯಂತ್ರ ಮಾತ್ರ ಪರದೆಯ ಮೇಲೆ 1 ಸೆಂ.ಮೀ. ನಿಖರತೆ ಎಂದು ತೋರಿಸುತ್ತಲೇ ಇತ್ತು. ಅದರ ಪಾಲಿಗೆ ಅದು ನಿಜವೇ, ಏಕೆಂದರೆ ಆಂಟೆನಾ ಎಲ್ಲಿದೆ ಎಂಬುದಷ್ಟೇ ಅದಕ್ಕೆ ಗೊತ್ತು, ಕೋಲಿನ ಬುಡ ಎಲ್ಲಿಗೆ ಇಳಿಯಿತೆಂಬುದು ಗೊತ್ತಿಲ್ಲ.

ಫ್ಲೆಕ್ಸ್ ಹಾಳೆಗಳನ್ನು ಗುರುತಾಗಿ ಹಾಸುವ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟೆವು. ಮನೆ ಕಟ್ಟುವ ಚಿರೆಕಲ್ಲುಗಳನ್ನು ದೋಣಿಯಲ್ಲಿ ಸಾಗಿಸಿ, ಅರ್ಧ ಹೂತು, ನೆತ್ತಿಗೆ ಸುಣ್ಣ ಬಳಿದು, ಕಪ್ಪು ಬಣ್ಣದಲ್ಲಿ ನಾಲ್ಕು ಮನೆಯ ಚೌಕ ಬರೆದೆವು. ಕಲ್ಲೊಂದೇ ಮೇಲಿನಿಂದ ಚಿಕ್ಕದಾಗಿ ಕಾಣುವುದರಿಂದ ಎರಡೆರಡು ಕಲ್ಲುಗಳನ್ನು ಜೋಡಿಸಿ ಇಟ್ಟೆವು. ಒಟ್ಟು ಹದಿನೈದು ಜಾಗ: ನಾಲ್ಕೂ ಅಂಚಿನಲ್ಲಿ ಮತ್ತು ನಡುವೆ ಹಂಚಿದ ಒಂಬತ್ತು ನಿಯಂತ್ರಣಕ್ಕೆ, ಆರು ತಪಾಸಣೆಗೆ. ಆ ಆರರ ಅಳತೆಯ ಪುಸ್ತಕವನ್ನು ಸಂಸ್ಕರಣೆ ಮಾಡುವವನ ಕೈಗೆ ಕೊಡಲಿಲ್ಲ. ಇದನ್ನು ಅಪನಂಬಿಕೆ ಎಂದು ಅವನು ಒಂದು ದಿನ ಮುನಿಸಿಕೊಂಡ. ಆಮೇಲೆ ತಾನೇ ಅದನ್ನು ಪದ್ಧತಿ ಮಾಡಿಕೊಂಡ.

ಮೊಬೈಲ್ ಜಾಲದ ಹಂಗು ಬಿಟ್ಟು, ತೂಬಿನ ಕಾಂಕ್ರೀಟ್ ಕಟ್ಟೆಯ ಮೇಲೆ ನಮ್ಮದೇ ಬೇಸ್ ಗ್ರಾಹಕವನ್ನು ನಾಲ್ಕು ಗಂಟೆ ನಿಲ್ಲಿಸಿದೆವು. ಡ್ರೋನಿನ ಸ್ಥಾನಗಳನ್ನು ಹಾರಾಟ ಮುಗಿದ ಮೇಲೆ ಈ ದಾಖಲೆಯೊಂದಿಗೆ ಹೋಲಿಸಿ ತಿದ್ದುವ ಪಿಪಿಕೆ ವಿಧಾನಕ್ಕೆ ಸಿಗ್ನಲ್ ಬೇಕಾಗುವುದಿಲ್ಲ. ಬೇಸಿನ ಸ್ವಂತ ಸ್ಥಾನವನ್ನು ಸರ್ವೆ ಆಫ್ ಇಂಡಿಯಾದ ಕಾರ್ಸ್ (ಸದಾ ನಡೆಯುವ ಸ್ಥಿರ ಗ್ರಾಹಕ ಕೇಂದ್ರಗಳ) ಜಾಲದ ದತ್ತಾಂಶದಿಂದ ನಿಗದಿ ಮಾಡಿದೆವು.

ಯಾವ ಸೊನ್ನೆಯಿಂದ ಎತ್ತರ?

ಉಪಗ್ರಹ ಕೊಡುವ ಎತ್ತರ ಭೂಮಿಗೆ ಹೊಂದಿಸಿದ ಒಂದು ಗಣಿತದ ಮೈಯಿಂದ ಅಳೆದದ್ದು. ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರದ ಮಟ್ಟ ಆ ಮೈಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಅದರ ಪ್ರಭಾವ ನಮ್ಮ ಕರಾವಳಿಯವರೆಗೂ ಚಾಚಿದೆ. ಹಾಗಾಗಿ ಗಜನಿಯ ಒಡ್ಡಿನ ಎತ್ತರ ತಂತ್ರಾಂಶದಲ್ಲಿ ಮೊದಲು ಹತ್ತಾರು ಮೀಟರ್ ಋಣ ಸಂಖ್ಯೆಯಾಗಿ ಕಾಣುತ್ತದೆ. ಈ ಎರಡರ ಅಂತರವನ್ನು ಹೇಳುವ ಜಿಯಾಯ್ಡ್ ಮಾದರಿಯಿಂದ ಅದನ್ನು ಸರಾಸರಿ ಸಮುದ್ರಮಟ್ಟಕ್ಕೆ ತಿರುಗಿಸಬಹುದು, ತಿರುಗಿಸಿದೆವು ಕೂಡ. ಆದರೆ ಜಾಗತಿಕ ಮಾದರಿಯಲ್ಲಿ ಸ್ಥಳೀಯವಾಗಿ ಉಳಿಯುವ ವ್ಯತ್ಯಾಸ ನಮಗೆ ಬೇಕಾದ ನಿಖರತೆಗಿಂತ ದೊಡ್ಡದಿರಬಲ್ಲದು. ಅಲ್ಲದೆ, "ಒಡ್ಡು ಸಮುದ್ರಮಟ್ಟದಿಂದ ಇಷ್ಟು ಮೇಲಿದೆ" ಎಂದರೆ ರೈತರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಅವರ ಸೊನ್ನೆ ದೊಡ್ಡ ಭರತದ ಗೀಟು.

ಹೀಗಾಗಿ ತೂಬಿನ ಗೋಡೆಗೆ ಅಳತೆಯ ಪಟ್ಟಿ ಬಡಿದು, ಹುಣ್ಣಿಮೆಯ ಹಿಂದೆಮುಂದೆ ಐದು ದಿನ ಭರತದ ನೆತ್ತಿಯನ್ನು ಬರೆದುಕೊಂಡೆವು. ಅತಿ ಎತ್ತರದ ಗೀಟನ್ನು ಸೊನ್ನೆಯೆಂದು ಇಟ್ಟುಕೊಂಡು, ಅಲ್ಲಿಂದ ಬೇಸಿನ ಕಟ್ಟೆಗೆ ಆಟೋ ಲೆವೆಲ್‌ನಿಂದ ಮಟ್ಟ ಸಾಗಿಸಿ, ಇಡೀ ನಕ್ಷೆಯನ್ನು ಅದಕ್ಕೆ ಹೊಂದಿಸಿದೆವು. ಮಳೆಗಾಲದಲ್ಲಿ ಹೊಳೆಯ ನೆರೆ ಸೇರಿದರೆ ಗೀಟು ಇನ್ನೂ ಮೇಲೇರುತ್ತದೆ ಎಂಬುದನ್ನು ಹಾಳೆಯ ಮೇಲೆಯೇ ಬರೆದೆವು.

ಸಂಸ್ಕರಣೆ ಮತ್ತು ಫಲಿತಾಂಶ

ಒಳ್ಳೆಯ ಫೋಟೊಗಳು ಕೈಯಲ್ಲಿದ್ದರೆ ಸಂಸ್ಕರಣೆಯಲ್ಲಿ ಬರೆಯುವಂಥದ್ದು ಹೆಚ್ಚು ಉಳಿಯುವುದಿಲ್ಲ. ಪ್ರತಿ ಫೋಟೊಗೆ ಅದರದೇ ನಿಖರತೆ ಕೊಟ್ಟೆವು, ಹೊಳೆಯ ನೀರನ್ನು ಮರೆಮಾಚಿದೆವು, ಒಡ್ಡಿನ ಪಟ್ಟಿಯಲ್ಲಿ ಮಾತ್ರ ದಟ್ಟವಾದ ಬಿಂದುಮೋಡ (ಫೋಟೊಗಳಿಂದ ಲೆಕ್ಕ ಹಾಕಿದ ಎತ್ತರದ ಬಿಂದುಗಳ ರಾಶಿ) ಮಾಡಿ ಒಳಗಿನ ಬಯಲಿಗೆ ಮಧ್ಯಮ ದಟ್ಟಣೆ ಸಾಕೆಂದು ಬಿಟ್ಟೆವು. ಎಲ್ಲವನ್ನೂ ದಟ್ಟವಾಗಿ ಮಾಡಹೊರಟಾಗ ಲ್ಯಾಪ್‌ಟಾಪ್ ಎರಡು ರಾತ್ರಿ ನಡುವೆಯೇ ಸೋತು ನಿಂತಿತ್ತು.

ಬಚ್ಚಿಟ್ಟಿದ್ದ ಆರು ಬಿಂದುಗಳ ಪುಸ್ತಕ ತೆರೆದಾಗ ಎತ್ತರದ ದೋಷದ ವರ್ಗಸರಾಸರಿಯ ಮೂಲ (ಆರ್‌ಎಂಎಸ್, ಒಟ್ಟಾರೆ ದೋಷದ ಅಳತೆ) 4 ಸೆಂ.ಮೀ., ಅತಿ ದೊಡ್ಡದು 7 ಸೆಂ.ಮೀ. ಪಡುವಣ ಒಡ್ಡು ಭರತದ ಗೀಟಿಗಿಂತ ಎಲ್ಲೆಡೆ ಸಾಕಷ್ಟು ಮೇಲಿತ್ತು. ಕೆಂಪಾಗಿ ಉಳಿದದ್ದು ತೂಬಿನ ತೆಂಕಣಕ್ಕೆ ಸುಮಾರು 40 ಮೀಟರ್. ದೋಣಿ ಹತ್ತಲು ಇಳಿಯಲು ಜನ ಅಡ್ಡ ದಾಟಿ ದಾಟಿ ಒಡ್ಡಿನ ನೆತ್ತಿ ಅಲ್ಲಿ ತೇಯ್ದು, ಗೀಟಿಗಿಂತ ಬರೀ 12 ಸೆಂ.ಮೀ. ಮೇಲೆ ಉಳಿದಿತ್ತು. ಮೊದಲ ನಕ್ಷೆಯಲ್ಲಿ ಈ ತಗ್ಗು ಕಾಣದಿದ್ದುದಕ್ಕೆ ಕಾರಣ ಬೇರೆ: ಅಂದು ಅಲ್ಲಿ ಸಿಗಡಿ ಬಲೆಗಳನ್ನು ರಾಶಿ ಹಾಕಿದ್ದರು, ತಂತ್ರಾಂಶ ಬಲೆಯ ರಾಶಿಯನ್ನೇ ಒಡ್ಡಿನ ನೆತ್ತಿ ಎಂದು ತೆಗೆದುಕೊಂಡಿತ್ತು.

ಅದೇ ಬಗೆಯ ತೊಡಕು ಬಡಗಣ ಒಡ್ಡಿನಲ್ಲಿ ಇನ್ನೂ ಇದೆ. ಅಲ್ಲಿ ಸುಮಾರು 200 ಮೀಟರ್ ಉದ್ದಕ್ಕೆ ಮೊಣಕಾಲೆತ್ತರದ ಹುಲ್ಲು ಬೆಳೆದಿದ್ದು, ಕ್ಯಾಮೆರಾಕ್ಕೆ ಕಾಣುವುದು ಹುಲ್ಲಿನ ಮೈ, ಮಣ್ಣಿನದಲ್ಲ. ಬಿಂದುಮೋಡದಿಂದ ಹುಲ್ಲನ್ನು ಸೋಸುವ ಯಾವ ವಿಧಾನವೂ ನೆಲದ ಒಂದು ಬಿಂದುವೇ ಇಲ್ಲದ ಕಡೆ ನೆಲವನ್ನು ಹುಟ್ಟಿಸಲಾರದು. ನಕ್ಷೆಯಲ್ಲಿ ಆ ಭಾಗಕ್ಕೆ ಬಣ್ಣ ತುಂಬದೆ ಗೆರೆ ಹೊಡೆದು ಬಿಟ್ಟಿದ್ದೇವೆ. ಹತ್ತು ಮೀಟರಿಗೊಂದು ಕಡೆ ಕತ್ತಿಯಿಂದ ಹುಲ್ಲು ಸವರಿ ಸ್ಟಾಫ್ ಇಟ್ಟು ಅಳೆಯುವುದೆಂದು ತೀರ್ಮಾನವಾಗಿದೆ. ಸವರುವ ಕೆಲಸ ಊರಿನವರದ್ದು, ಅಳೆಯುವುದು ನಮ್ಮದು.